ಮಗುವಿನ ಬಂಡಿ: ಬಣ್ಣಕ್ಕಿಂತ ಮೊದಲು ಬೆನ್ನು ನೋಡಿ

ಕೆಲವು ದಿನಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಒಂದು ಕುಟುಂಬ ಬಂದಿತ್ತು. ಸೊಸೆಯ ತೊಡೆಯ ಮೇಲೆ ಒಂದು ತಿಂಗಳ ಕೂಸು. ಪಕ್ಕದಲ್ಲಿ, ಟೊಂಕದ ಮೇಲೆ ಎತ್ತಿಕೊಳ್ಳೆಂದು ಹಟ ಹಿಡಿದಿದ್ದ ಎರಡು ವರ್ಷದ ಹಿರಿಯ ಮಗು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿದ್ದ ಆ ಬಾಣಂತಿ ಬಂದದ್ದು ಸೊಂಟನೋವಿಗಾಗಿ. ಪುಣೆಯಲ್ಲಿ ನೌಕರಿಯಲ್ಲಿರುವ ಮಗ ಮಕ್ಕಳಿಗೆ ತಳ್ಳುಬಂಡಿ, ಅಂದರೆ ಸ್ಟ್ರಾಲರ್, ಕೊಳ್ಳಬೇಕೆನ್ನುತ್ತಾನೆ. ಅತ್ತೆಯವರಿಗೆ ಒಪ್ಪಿಗೆಯಿಲ್ಲ. “ನಾವು ಐದು ಮಕ್ಕಳನ್ನ ಟೊಂಕದ ಮ್ಯಾಲೆ ಹೊತ್ತು ಬೆಳಸೀವ್ರಿ ಡಾಕ್ಟರ್ ಸಾಹೇಬ್ರ, ಕೂಸಿಗೆ ಬಂಡಿ ಯಾಕ ಬೇಕ್ರಿ?” ಎಂದರು.

ಇಪ್ಪತ್ತು ವರ್ಷಗಳ ಹಿಂದೆ ಇದೇ ಮಾತನ್ನು ನಾನೂ ಆಡುತ್ತಿದ್ದೆ. ಇಂದು ಆಡಲಾರೆ. ಐದು ಮಕ್ಕಳನ್ನು ಹೊತ್ತ ಆ ತಾಯಿಯೇ ಹಲವು ವರ್ಷಗಳಿಂದ ಸೊಂಟ, ಮೊಣಕಾಲು ನೋವಿಗೆ ನನ್ನಿಂದ ತೈಲ ಒಯ್ಯುತ್ತಿದ್ದಾರೆ. ಅದನ್ನು ನೆನಪಿಸಿದಾಗ ನಕ್ಕು ಸುಮ್ಮನಾದರು. ಅಂದಿನ ಮನೆಗಳಲ್ಲಿ ಕೂಸನ್ನು ಎತ್ತಿಕೊಳ್ಳಲು ಅಜ್ಜಿ, ಅತ್ತಿಗೆ, ನಾದಿನಿಯರು ಇದ್ದರು. ಇಂದು ಪರಊರಿನ ಬಾಡಿಗೆ ಮನೆಯಲ್ಲಿ ಎರಡು ಮಕ್ಕಳಿಗೆ ಒಬ್ಬಳೇ ತಾಯಿ. ಎರಡು ವರ್ಷದ ಮಗುವಿನ ತೂಕ ಹನ್ನೊಂದು, ಹನ್ನೆರಡು ಕೆ.ಜಿ. ಇರುತ್ತದೆ. ಹೊಟ್ಟೆಯ ಹೊಲಿಗೆ ಮಾಗುವ ಮೊದಲ ಆರು ವಾರಗಳಲ್ಲಿ ಕೂಸಿಗಿಂತ ಹೆಚ್ಚಿನ ಭಾರ ಎತ್ತಬಾರದು. ಆದ್ದರಿಂದ ಬಂಡಿಯನ್ನು ಸೋಮಾರಿತನವೆಂದು ಹಳಿಯುವುದು ನ್ಯಾಯವಲ್ಲ. ಆದರೆ ಅದನ್ನು ಆರಿಸುವ ಬಗೆಯಲ್ಲಿ ವಿವೇಕ ಬೇಕು.

ಮೊದಲನೆಯದು, ಮಗುವಿನ ಕತ್ತು ಮತ್ತು ಬೆನ್ನು. ಕಾಲಕ್ಕೆ ಮೊದಲು ಶಿಶುವನ್ನು ಕೂರಿಸಿದರೆ ಗೂನಾಗುವ ಭಯವಿದೆ ಎಂದು ಸುಶ್ರುತರು ಶಾರೀರಸ್ಥಾನದಲ್ಲಿಯೇ ಎಚ್ಚರಿಸಿದ್ದಾರೆ. ಇಂದಿನ ಮಕ್ಕಳ ತಜ್ಞರೂ ಕತ್ತು ನಿಲ್ಲದ ಕೂಸನ್ನು ಮಲಗಿಸಿಯೇ ಒಯ್ಯಬೇಕೆನ್ನುತ್ತಾರೆ. ಕುಳಿತಲ್ಲಿ ತಲೆ ಮುಂದಕ್ಕೆ ಬಾಗಿದರೆ ಉಸಿರಿಗೆ ತಡೆಯಾಗಬಹುದು. ಹೀಗಾಗಿ ಆರು ತಿಂಗಳೊಳಗಿನ ಕೂಸಿಗೆ ಬೆನ್ನಾಸರೆ ಪೂರ್ಣ ಸಮತಟ್ಟಾಗುವ ಬಂಡಿಯೇ ಬೇಕು. ವಿಮಾನದ ಗಾಲಿವ್ಯವಸ್ಥೆ ರೂಪಿಸಿದ್ದ ಇಂಗ್ಲೆಂಡಿನ ಓವನ್ ಮ್ಯಾಕ್ಲಾರೆನ್ 1965ರಲ್ಲಿ ಕೊಡೆಯಂತೆ ಮಡಚುವ ಹಗುರ ಬಂಡಿಯನ್ನು ತಂದರು. ಆ ಬಗೆಯವು ಅಗ್ಗ, ಒಯ್ಯಲು ಸುಲಭ. ಆದರೆ ಬೆನ್ನು ಸಮತಟ್ಟಾಗದ ಅಂಥ ಬಂಡಿಗಳು ತಾನಾಗಿಯೇ ಕೂರಬಲ್ಲ ಮಗುವಿಗೆ ಮಾತ್ರ ತಕ್ಕವು.

ಎರಡನೆಯದು, ಭದ್ರತೆ. ಆಟಿಕೆಗಳು ಹಗುರವಾಗಿರಬೇಕು, ಚೂಪು ತುದಿಯಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸಬಾರದು ಎಂದು ಚರಕ ಸಂಹಿತೆ ಹೇಳುತ್ತದೆ. ಬಂಡಿಗೂ ಇದೇ ಅಳತೆಗೋಲು ಸಾಕು. ಹೆಗಲೆರಡು, ಸೊಂಟದ ಎರಡು ಬದಿ ಮತ್ತು ತೊಡೆಗಳ ನಡುವೆ, ಹೀಗೆ ಐದು ಕಡೆ ಹಿಡಿಯುವ ಪಟ್ಟಿಯಿರಲಿ. ಬ್ರೇಕ್ ಹಾಕಿ ಅಂಗಡಿಯಲ್ಲಿಯೇ ತಳ್ಳಿ ನೋಡಿ. ಹಿಡಿಕೆಗೆ ಭಾರದ ಚೀಲ ತೂಗುಹಾಕಬೇಡಿ. ಬಂಡಿ ಹಿಂದಕ್ಕೆ ಮಗುಚುತ್ತದೆ. ಬಂಧುಗಳು ಕೊಟ್ಟ ಹಳೆಯ ಬಂಡಿಯಾದರೂ ಸರಿಯೇ, ಪಟ್ಟಿ, ಬ್ರೇಕ್, ಮಡಚುವ ಕೀಲು ಗಟ್ಟಿಯಿದ್ದರೆ ಸಾಕು.

ಮೂರನೆಯದು, ನಮ್ಮ ನೆಲ. ಚಿಮ್ಮಡದ ಸುತ್ತಲಿನ ಎರೆಮಣ್ಣಿನ ದಾರಿಯಲ್ಲಿ ಮಳೆ ಬಿದ್ದರೆ ಸಣ್ಣ ಗಾಲಿಗಳು ಹೂತು ನಿಲ್ಲುತ್ತವೆ. ದೊಡ್ಡ ಗಾಲಿಗಳೇ ಮೇಲು. ಕಬ್ಬು ಹೇರಿದ ಟ್ರ್ಯಾಕ್ಟರ್ ಓಡಾಡುವ ರಸ್ತೆಗೆ, ಜಾತ್ರೆಯ ಜನಸಂದಣಿಗೆ ಬಂಡಿ ತರಲೇಬೇಡಿ. ಬೇಸಿಗೆಯಲ್ಲಿ ಬಿಸಿಲು ತಡೆಯಲೆಂದು ದಪ್ಪ ಬಟ್ಟೆ ಹೊದಿಸಿದರೆ ಒಳಗೆ ಗಾಳಿಯಾಡದೆ ಕೂಸು ಬೇಯುತ್ತದೆ. ಎರಡು ಮಕ್ಕಳ ಜೋಡಿ ಬಂಡಿ ಕೊಳ್ಳುವವರು ಮೊದಲು ಮನೆಯ ಬಾಗಿಲಿನ ಅಗಲ ಅಳೆಯಲಿ. ಒಂದೇ ಆಸನದಲ್ಲಿ ಇಬ್ಬರನ್ನು ಕೂರಿಸಬಾರದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬಂಡಿಯ ಜೊತೆಗೆ ಅಂಗಡಿಯವರು ತೋರಿಸುವ ವಾಕರನ್ನು ಕೊಳ್ಳಬೇಡಿ. ಅದು ನಡಿಗೆ ಕಲಿಸುವುದಿಲ್ಲ. ಮೆಟ್ಟಿಲು, ಒಲೆ, ನೀರಿನ ಕಡೆಗೆ ಕ್ಷಣದಲ್ಲಿ ಒಯ್ಯುತ್ತದೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ.

ಆ ಕುಟುಂಬಕ್ಕೆ ನಾನು ಹೇಳಿದ್ದು ಇಷ್ಟೇ: ಜೋಡಿ ಬಂಡಿ ಬೇಡ, ಪೂರ್ಣ ಮಲಗಿಸಬಹುದಾದ ಒಂದು ಆಸನದ ಬಂಡಿ ಸಾಕು. ಹೊರಗೆ ಹೋಗುವಾಗ ಹಿರಿಯ ಮಗು ಅದರಲ್ಲಿ ಕೂರಲಿ, ಮೂರು, ನಾಲ್ಕು ಕೆ.ಜಿ.ಯ ಕೂಸು ತಾಯಿಯ ಎದೆಯ ಮೇಲಿರಲಿ. ತಂದೆ ಜೊತೆಗಿದ್ದರೆ ಕೂಸು ಬಂಡಿಯಲ್ಲಿ ಮಲಗಲಿ, ಹಿರಿಯದು ತಂದೆಯ ಕೈಹಿಡಿದು ನಡೆಯಲಿ. ಹಿರಿಯ ಮಗು ಹಟ ಹಿಡಿದಾಗ ತಾಯಿ ನಿಂತು ಎತ್ತದೆ, ತಾನೇ ನೆಲಕ್ಕೆ ಕುಳಿತು ಮಡಿಲು ಕೊಡಲಿ.

ಬಂಡಿ ದಾರಿಗಷ್ಟೇ. ಮನೆ ಸೇರಿದೊಡನೆ ಕೂಸನ್ನು ಅದರಿಂದ ತೆಗೆಯಿರಿ. ಮಗು ಕೌದಿಯ ಮೇಲೆ ಹೊರಳಿ, ತೆವಳಿ ಬಲಿಯಬೇಕು. ಅಜ್ಜಿಯ ಮಡಿಲಿನಲ್ಲಿ ಮಾತು ಕಲಿಯಬೇಕು. ಹೊರುವ ಭಾರವನ್ನು ಗಾಲಿಗೆ ಬಿಡೋಣ, ಮಡಿಲನ್ನು ಮಾತ್ರ ನಾವೇ ಇಟ್ಟುಕೊಳ್ಳೋಣ.