ಬಿಳಿ ಮಣ್ಣಿನ ದ್ರಾಕ್ಷಾರಸ

ಪೀಪಾಯಿಯ ಒಳಗೆ ತೇಲುತ್ತಿರುವ ಆ ಬೆಳ್ಳನೆಯ ಪೊರೆಯನ್ನು ಕಂಡರೆ ಕನ್ನಡ ನಾಡಿನ ಯಾವ ಗೃಹಿಣಿಯೂ ‘ಅಯ್ಯೋ, ಬೂಷ್ಟು ಹಿಡಿಯಿತಲ್ಲಾ!’ ಎಂದು ಉದ್ಗರಿಸದೆ ಇರಲಾರಳು. ಉಪ್ಪಿನಕಾಯಿಯ ಜಾಡಿಯಾಗಿದ್ದರೆ ಅದು ನೇರವಾಗಿ ತಿಪ್ಪೆಯ ಪಾಲು. ಸ್ಪೇನಿನ ದಕ್ಷಿಣ ತುದಿಯಲ್ಲಿರುವ ಹೆರೆಸ್ ಪಟ್ಟಣದವರಾದರೋ ಅದಕ್ಕೆ ‘ಫ್ಲೋರ್’, ಎಂದರೆ ಹೂವು, ಎಂದು ಹೆಸರಿಟ್ಟು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. ಆ ಹೂವು ಅರಳದೆ ಹೋದರೆ ಅವರ ‘ಫೀನೋ’ ಎಂಬ ದ್ರಾಕ್ಷಾರಸವೇ ಇಲ್ಲ.

ಅರಬರ ಆಳ್ವಿಕೆಯಲ್ಲಿ ಈ ಊರಿಗೆ ‘ಶೆರಿಶ್’ ಎಂಬ ಹೆಸರಿತ್ತು. ಆಂಗ್ಲರ ನಾಲಗೆಯಲ್ಲಿ ಅದು ‘ಶೆರಿ’ಯಾಯಿತು. 1587ರಲ್ಲಿ ಫ್ರಾನ್ಸಿಸ್ ಡ್ರೇಕ್ ಕಾದಿಸ್ ಬಂದರಿಗೆ ನುಗ್ಗಿ ಹಡಗುಗಳನ್ನು ಸುಟ್ಟು ಮರಳುವಾಗ ಸುಮಾರು 2,900 ಪೀಪಾಯಿಗಳನ್ನೂ ಹೊತ್ತು ನಡೆದನೆಂದು ಹೇಳುತ್ತಾರೆ. ಆ ಶತಮಾನ ಮುಗಿಯುವ ಹೊತ್ತಿಗೆ ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಫಾಲ್‌ಸ್ಟಾಫ್ ರಂಗದ ಮೇಲೆ ನಿಂತು ಅದರ ಗುಣಗಾನ ಮಾಡತೊಡಗಿದ್ದ. ಅವನಂಥ ಪುಕ್ಕಲನಿಗೆ ಧೈರ್ಯ ಬರಬೇಕಾದದ್ದೂ ಅಲ್ಲಿಂದಲೇ!

ಪಾಲೊಮಿನೊ ಎಂಬ ಅಲ್ಲಿಯ ದ್ರಾಕ್ಷಿ ತಾನಾಗಿ ಸಪ್ಪೆ. ಅದಕ್ಕೆ ಗುಣ ಬರುವುದು ಮಣ್ಣಿನಿಂದ ಮತ್ತು ತಾಳ್ಮೆಯಿಂದ. ಸುಣ್ಣ ಬೆರೆತ ಬಿಳಿಯ ಮಣ್ಣು ಚಳಿಗಾಲದ ಮಳೆಯನ್ನು ಹೀರಿಟ್ಟುಕೊಂಡು, ಹನಿ ಬೀಳದ ಬೇಸಗೆಯಲ್ಲಿ ಬೇರುಗಳಿಗೆ ಉಣಿಸುತ್ತದೆ. ರಸ ಹುದುಗಿದ ಮೇಲೆ ಅದರ ಮದ್ಯಸಾರವನ್ನು ಶೇಕಡ 15ರ ಸುಮಾರಿಗೆ ತಂದು, 600 ಲೀಟರಿನ ಪೀಪಾಯಿಯಲ್ಲಿ 500 ಲೀಟರಿನಷ್ಟನ್ನು ಮಾತ್ರ ತುಂಬುತ್ತಾರೆ. ಮೇಲೆ ಗಾಳಿ, ಅದರ ಕೆಳಗೆ ಹೂವು, ಹೂವಿನ ಕೆಳಗೆ ರಸ. ಹೂವು ಎಂಬುದು ಯೀಸ್ಟಿನ ಜೀವಂತ ಪೊರೆ. ಗಾಳಿ ರಸವನ್ನು ಕೆಡಿಸದಂತೆ ಅದು ಕಾವಲಿರುತ್ತದೆ. ಮದ್ಯಸಾರವನ್ನು ಶೇಕಡ 17ಕ್ಕೆ ಏರಿಸಿದರೆ ಕಾವಲುಗಾರ ಸಾಯುತ್ತಾನೆ; ಆಗ ಗಾಳಿಗೆ ಒಡ್ಡಿಕೊಂಡ ರಸ ವರ್ಷಗಳುದ್ದಕ್ಕೂ ಕಂದುಗಟ್ಟಿ ‘ಒಲೊರೊಸೊ’ ಎನಿಸಿಕೊಳ್ಳುತ್ತದೆ. ಕೆಲಕಾಲ ಹೂವಿನ ಆಶ್ರಯದಲ್ಲಿದ್ದು ಅನಂತರ ಅನಾಥವಾದದ್ದು ‘ಅಮೊಂತಿಯಾದೊ’.

ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಮನೆಯವರಿಗೆ ಹೆರೆಸಿನ ಪದ್ಧತಿಯನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಅತ್ಯಂತ ಹಳೆಯ ಸಾಲಿನ ಪೀಪಾಯಿಗಳಿಂದ ಸ್ವಲ್ಪ ರಸವನ್ನು ತೆಗೆದು ಸೀಸೆಗೆ ತುಂಬುತ್ತಾರೆ. ಆದ ತೆರವನ್ನು ಅದಕ್ಕಿಂತ ಎಳೆಯ ಸಾಲಿನಿಂದ, ಅದರ ತೆರವನ್ನು ಇನ್ನೂ ಎಳೆಯದರಿಂದ ತುಂಬುತ್ತ ಹೋಗುತ್ತಾರೆ. ಪೀಪಾಯಿ ಎಂದೂ ಬರಿದಾಗುವುದಿಲ್ಲ. ಅಜ್ಜ ತುಂಬಿದ ರಸದ ಒಂದು ಹನಿಯಾದರೂ ಮೊಮ್ಮಗನ ಬಟ್ಟಲಿಗೆ ಬಂದೇ ಬರುತ್ತದೆ.

ಇಂಥ ರಸವನ್ನು ಬರಿದೆ ಕುಡಿದು ತೀರ್ಪು ಕೊಡುವುದು ಉಪ್ಪಿನಕಾಯಿಯನ್ನು ಅನ್ನವಿಲ್ಲದೆ ತಿಂದು ಮುಖ ಕಿವಿಚಿದಂತೆ. ಕನ್ನಡದ ‘ನಂಜಿಕೊಳ್ಳುವುದು’ ಎಂಬ ಸೊಗಸಾದ ಮಾತು ಇಲ್ಲಿ ಒಪ್ಪುವಷ್ಟು ಬೇರೆಲ್ಲಿಯೂ ಒಪ್ಪಲಾರದು. ಚೆನ್ನಾಗಿ ತಣಿದ ಫೀನೋವನ್ನು ಮೂಗಿಗೆ ಹಿಡಿದರೆ ನಾದಿದ ಹಿಟ್ಟಿನ, ಹಸಿ ಬಾದಾಮಿಯ ವಾಸನೆ. ಮೊದಲ ಗುಟುಕು ಒಣ ಒಣ. ಸಿಹಿಯನ್ನು ನಿರೀಕ್ಷಿಸಿದವನು ಬೆಚ್ಚುತ್ತಾನೆ. ಆಗ ಉಪ್ಪು ಹಚ್ಚಿ ಹುರಿದ ಒಂದು ಬಾದಾಮಿಯನ್ನೋ, ಉಪ್ಪುನೀರಿನ ಆಲಿವ್ ಕಾಯನ್ನೋ ಜಗಿದು ಎರಡನೆಯ ಗುಟುಕು ಎಳೆಯಬೇಕು. ಉಪ್ಪು ಅದರ ಮೊನೆಯನ್ನು ಮುರಿಯುತ್ತದೆ, ರಸ ನಾಲಗೆಯ ಮೇಲೆ ದುಂಡಗಾಗುತ್ತದೆ. ಕರಿದ ಮೀನಿನ ಜಿಡ್ಡನ್ನು ಅದು ತೊಳೆದುಬಿಡುತ್ತದೆ. ಶತಾವರಿಯ ಎಳೆ ಕುಡಿ, ಪಲ್ಲೆಹೂವು, ವಿನೆಗರಿನ ಹುಳಿ ಬೆರೆಸಿದ ಟೊಮ್ಯಾಟೊದ ತಣ್ಣನೆಯ ಗಸ್ಪಾಚೊ — ದುಬಾರಿಯ ಕೆಂಪು ದ್ರಾಕ್ಷಾರಸಗಳು ಮುಗ್ಗರಿಸುವುದು ಇವುಗಳ ಎದುರಿನಲ್ಲಿಯೇ. ಫೀನೋ ಮಾತ್ರ ಸರಾಗವಾಗಿ ನಡೆಯುತ್ತದೆ. ಅಣಬೆಯ ಸಾರಿಗೆ ಅಮೊಂತಿಯಾದೊ, ಹಳೆಯ ಗಟ್ಟಿ ಚೀಸಿಗೆ ಒಲೊರೊಸೊ ಜೊತೆ. ದ್ರಾಕ್ಷಿಯನ್ನು ಬಿಸಿಲಿಗೆ ಒಣಗಿಸಿ ಹಿಂಡಿದ, ಕಾಕಂಬಿಯಂತೆ ಕಪ್ಪಾದ ‘ಪೆದ್ರೊ ಹಿಮೆನೆಸ್’ ಒಂದಿದೆ. ಅದನ್ನು ಐಸ್‌ಕ್ರೀಮಿನ ಮೇಲೆ ಸುರಿದುಕೊಂಡು ತಿನ್ನುವ ಜಾಣರೂ ಉಂಟು.

ಮಿತವ್ಯಯಿಗೆ ಒಂದು ಎಚ್ಚರಿಕೆ: ತೆರೆದ ಫೀನೋ ತಂಗಳುಪೆಟ್ಟಿಗೆಯಲ್ಲಿಯೂ ವಾರದೊಳಗೆ ಮಂಕಾಗುತ್ತದೆ, ಅರ್ಧ ಸೀಸೆಯೇ ಮೇಲು. ಒಲೊರೊಸೊ ಹಲವು ವಾರ ತಾಳುತ್ತದೆ.

ಇಷ್ಟು ವರ್ಷ ಕಾಯಿಸಿದ ರಸ ಇಷ್ಟು ಅಗ್ಗವಾಗಿ ಸಿಗುವುದೇಕೆ? ಉತ್ತರ ಸಂತೋಷದ್ದಲ್ಲ. 1970ರ ದಶಕದ ಕೊನೆಗೆ ರಫ್ತು ಶಿಖರ ಮುಟ್ಟಿತ್ತು. ವ್ಯಾಪಾರಿಗಳು ಪೈಪೋಟಿಯಿಂದ ಬೆಲೆಯನ್ನಿಳಿಸಿ, ಸಿಹಿ ಬೆರೆಸಿದ ಕೀಳು ಸರಕನ್ನು ಹೊರನಾಡುಗಳಿಗೆ ಸುರಿದರು. ಇಂಗ್ಲೆಂಡಿನಲ್ಲಿ ಶೆರಿಗೆ ಮುದುಕಿಯರ ಪಾನೀಯವೆಂಬ ಹೆಸರು ಅಂಟಿತು. ಅನೇಕ ಶೆರಿ ಕೋಠಿಗಳನ್ನು ಕೊಂಡುಕೂಡಿಸಿದ್ದ ರುಮಾಸಾ ಸಂಸ್ಥೆಯನ್ನು 1983ರಲ್ಲಿ ಸ್ಪೇನ್ ಸರ್ಕಾರ ವಶಪಡಿಸಿಕೊಳ್ಳಬೇಕಾಯಿತು. ಒಂದು ಕಾಲಕ್ಕೆ 20,000 ಹೆಕ್ಟೇರನ್ನು ಮೀರಿದ್ದ ತೋಟಗಳು 7,000ದ ಆಸುಪಾಸಿಗೆ ಕುಗ್ಗಿವೆ. ಬಳ್ಳಿ ಕಿತ್ತ ಬಿಳಿಯ ನೆಲದಲ್ಲಿ ಅಲ್ಲಲ್ಲಿ ಬೇರೆ ಬೆಳೆ ನಿಂತಿದೆ. ಕೊಳ್ಳುವವನ ಅದೃಷ್ಟವೆಂಬುದು ಬೆಳೆದವನ ಸಂಕಟದ ಮೇಲೆ ಕುಳಿತಿದೆ. ಒಳ್ಳೆಯ ಮನೆತನಗಳ ಫೀನೋಗೆ ನಾಲ್ಕು ಕಾಸು ಹೆಚ್ಚು ತೆತ್ತರೆ ರಸಿಕನಿಗೆ ನಷ್ಟವೇನೂ ಆಗದು.

ಮುಚ್ಚಿಹೋಗುತ್ತಿದ್ದ ‘ತಬಾಂಕೊ’ಗಳೆಂಬ ಹಳೆಯ ಅಂಗಡಿಗಳು ಮಾತ್ರ 2010ರ ಈಚೆಗೆ ಹೆರೆಸಿನಲ್ಲಿ ಮತ್ತೆ ಬಾಗಿಲು ತೆರೆದಿವೆ. ಪೀಪಾಯಿಯಿಂದಲೇ ಪುಟ್ಟ ಬಟ್ಟಲಿಗೆ ಬಗ್ಗಿಸಿ, ಕಾಗದದ ತುಂಡಿನ ಮೇಲೆ ಒಂದಿಷ್ಟು ಚೀಸು, ಆಲಿವ್ ಇಟ್ಟುಕೊಡುತ್ತಾರೆ. ಸಂಜೆಯಾಗುತ್ತಲೇ ಮುದುಕರೂ ಕಾಲೇಜು ಹುಡುಗರೂ ಒಂದೇ ಕಟ್ಟೆಗೆ ಒರಗಿ ನಿಲ್ಲುತ್ತಾರೆ.