ಠಾಣೆಗೆ ಕರೆದೊಯ್ದರೆಂದು ತಿಳಿದರೆ ಮೊದಲು ವಕೀಲರನ್ನು ಕಾಣಿ

ಮಂಡಿಪೇಟೆಯ ವರ್ತಕರೇ, ಗುಮಾಸ್ತರೇ, ಹಮಾಲಿ ಅಣ್ಣಂದಿರೇ, ಹರಿಹರದ ಅಕ್ಕತಂಗಿಯರೇ,

ಮನೆಯ ಹುಡುಗನನ್ನು ಪೊಲೀಸರು ಕರೆದೊಯ್ದರು ಎಂದ ಕೂಡಲೇ ನಾವು ಯಾರ ಹತ್ತಿರ ಓಡುತ್ತೇವೆ? "ಠಾಣೆಯಲ್ಲಿ ನನಗೆ ಗುರುತಿದೆ" ಎನ್ನುವವರ ಹತ್ತಿರ. ಅವರು ಹಣ ಕೇಳುತ್ತಾರೆ, ನಾವು ಕೈಗಡ ತಂದು ಕೊಡುತ್ತೇವೆ, ಅಷ್ಟರಲ್ಲಿ ಬೆಳಗಾಗುತ್ತದೆ. ಹುಡುಗನ ಪರವಾಗಿ ಕಾನೂನು ಬಲ್ಲವರೊಬ್ಬರು ನಿಲ್ಲಬೇಕಾಗಿದ್ದದ್ದು ಆ ರಾತ್ರಿಯೇ.

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಕಾರಣ ಹೇಳಬೇಕು, ತಾವು ಆರಿಸಿದ ವಕೀಲರನ್ನು ಕಾಣಲು ಬಿಡಬೇಕು. ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕಿದು, ಯಾರ ಗುರುತೂ ಬೇಕಿಲ್ಲ.

ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಎಫ್‌ಐಆರ್‌ನಲ್ಲಿರುವ ಕಲಂ ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ನಮಗೆ ಬಾಯಿಪಾಠವಾಗಿದ್ದ 420 ಈಗ 318(4) ಆಗಿದೆ.

ನಮ್ಮ ಪೇಟೆಯದ್ದೇ ಮಾತಾಡೋಣ. ಲೆಕ್ಕದಲ್ಲಿ ಹಣ ಕಡಿಮೆ ಬಂತೆಂದು ಮಾಲೀಕರು ಗುಮಾಸ್ತನ ಮೇಲೆ ದೂರು ಕೊಟ್ಟರೆ ಬೀಳುವ ಕಲಂ 316(4). ಜಾಮೀನುರಹಿತ. ಆ ಪದ ಕೇಳಿಯೇ ಮನೆಯವರು ಕುಸಿಯುತ್ತಾರೆ. ಜಾಮೀನು ಸಿಗುವುದೇ ಇಲ್ಲವೆಂದು ಅದರ ಅರ್ಥವಲ್ಲ, ನ್ಯಾಯಾಧೀಶರ ಮುಂದೆ ವಾದಿಸಿ ಪಡೆಯಬೇಕು, ಅಷ್ಟೇ. ಇದಕ್ಕೆ ಹೆಚ್ಚೆಂದರೆ 7 ವರ್ಷ ಶಿಕ್ಷೆ. ಇಂಥ ಪ್ರಕರಣಗಳಲ್ಲಿ ದೂರು ಬಂದಿತೆಂದು ಸುಮ್ಮನೆ ಬಂಧಿಸುವಂತಿಲ್ಲ, ಬಂಧನ ಏಕೆ ಬೇಕಾಯಿತೆಂದು ಪೊಲೀಸರು ಬರೆದಿಡಬೇಕು, ಬೇಡವಾದರೆ ಹಾಜರಾಗಲು ನೋಟಿಸ್ ಕೊಡಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಅದನ್ನೇ ಹೇಳಿತು.

ಇನ್ನೊಂದು ಸಂಗತಿ. ಈ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಬಂಧನದಲ್ಲಿಡಲು ಆದೇಶಿಸಿದ (ರಿಮ್ಯಾಂಡ್) 60 ದಿನದೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಕೇಳಿದವರಿಗೆ ಮಾತ್ರ. ಪಟ್ಟಿ ಬಂದ ಮೇಲೆ ಕೇಳಿದರೆ ಆ ಹಕ್ಕು ಹೋಯಿತು. ದಿನ ಎಣಿಸಿಟ್ಟು, ಆ ಬೆಳಿಗ್ಗೆಯೇ ಅರ್ಜಿ ಹಿಡಿದು ನಿಲ್ಲುವ ವಕೀಲರು ಬೇಕು. ಅದಕ್ಕೇ ನಾನು ಊರಿನ ವಕೀಲರನ್ನೇ ಹಿಡಿಯಿರಿ ಎನ್ನುವುದು. ಹರಿಹರದ ಕೇಸಿಗೆ ಹರಿಹರದ ಕೋರ್ಟಿನಲ್ಲಿ ದಿನವೂ ಇರುವವರು, ಸೆಷನ್ಸ್ ಕೇಸಿಗೆ ದಾವಣಗೆರೆಯಲ್ಲಿ ಕ್ರಿಮಿನಲ್ ಕೇಸು ನಡೆಸುವವರು.

ಒಂದು ಹಿಡಿ ಕೈಗೆ ತೆಗೆದು ನೋಡದೆ ಜೋಳದ ಚೀಲ ಕೊಳ್ಳದವರು ನಾವು. ಕೋರ್ಟಿನ ಬಾಗಿಲೂ ತೆರೆದೇ ಇರುತ್ತದೆ, ಅರ್ಧ ದಿನ ಕುಳಿತು ಯಾರು ಹೇಗೆ ವಾದಿಸುತ್ತಾರೆಂದು ನೋಡಿ. ಫೀಸು ಮೊದಲೇ ಮಾತಾಡಿ, ರಸೀದಿ ಕೇಳಿ. "ಜಾಮೀನು ಗ್ಯಾರಂಟಿ" ಎನ್ನುವವರಿಂದ ದೂರವಿರಿ. ವಕೀಲರು ಕಕ್ಷಿದಾರರನ್ನು ಹುಡುಕಿಕೊಂಡು ಬರುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಗೇಟಿನಲ್ಲಿ ಕೈ ಹಿಡಿದು ಎಳೆಯುವವರನ್ನು ನಂಬಬೇಡಿ.

ಹಣವಿಲ್ಲವೇ? ಬಂಧನದಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ವಕೀಲರು ಉಚಿತ. ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ ಎಂಬ ಮಾತಿದೆ. ಆದರೆ 2022ರಿಂದ ಜಿಲ್ಲೆಗಳಲ್ಲಿ ಶುರುವಾದ ಉಚಿತ ಕಾನೂನು ನೆರವಿನ ಹೊಸ ವ್ಯವಸ್ಥೆಯಲ್ಲಿ ನೇಮಕವಾದವರು ಖಾಸಗಿ ಕೇಸು ಹಿಡಿಯದೆ ಇದನ್ನೇ ಪೂರ್ಣಾವಧಿ ಮಾಡುತ್ತಾರೆ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಹರಿಹರದಲ್ಲಿ ತಾಲ್ಲೂಕು ಸಮಿತಿಯನ್ನು ಕೇಳಿ. ರಾತ್ರಿಯಾಗಿದ್ದರೆ ಸಹಾಯವಾಣಿ 15100.

ಈ ಸಂಖ್ಯೆಯನ್ನು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಬರೆದಿಡಿ. ಹಮಾಲರು ಮಧ್ಯಾಹ್ನ ಬುತ್ತಿ ಬಿಚ್ಚುವ ಕಟ್ಟೆಯ ಮೇಲೂ ಬರೆಯಿರಿ.