ಕಾಲುವೆಯ ಕೊನೆಯಿಂದ ಕೃಷ್ಣ ಆಡಳಿತ

ಎಸ್.ಎಂ. ಕೃಷ್ಣ ಅವರು 2024ರ ಡಿಸೆಂಬರ್ 10ರಂದು ನಿಧನರಾದಾಗ ಅವರ ಹೆಸರಿನ ಜೊತೆ ಹಳೆಯ ಬಿರುದೊಂದು ಮತ್ತೆ ಕೇಳಿಬಂತು: ರಾಜ್ಯವನ್ನು ಕಂಪನಿಯಂತೆ ನಡೆಸಿದ ಸಿಇಒ ಮುಖ್ಯಮಂತ್ರಿ. ಹೊಗಳುವವರೂ ತೆಗಳುವವರೂ ಬಳಸಿದ ಈ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಮಾರುಕಟ್ಟೆ ಏರುವಾಗ ಲಾಭ ತೋರಿಸುವುದು ದೊಡ್ಡ ವಿಷಯವಲ್ಲ. ನಷ್ಟದ ವರ್ಷಗಳಲ್ಲಿ ಆ ನಷ್ಟವನ್ನು ಯಾರ ಹೆಗಲಿಗೆ ಹೊರಿಸಲಾಯಿತು ಎಂಬುದರಿಂದ ಮುಖ್ಯಾಧಿಕಾರಿಯನ್ನು ಅಳೆಯಬೇಕು. ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳಿದರೆ ಸಿಗುವ ಉತ್ತರ ಒಂದು. ಸಿಂಧನೂರು–ರಾಯಚೂರು ರಸ್ತೆಯ ಜವಳಗೇರಾದಲ್ಲಿ ನಿಂತು ಕೇಳಿದರೆ ಸಿಗುವ ಉತ್ತರ ಮತ್ತೊಂದು.

ಕೃಷ್ಣ ಅವರ ಪಾಲಿಗೆ ಬಂದ ಕಾಲ ಸುಲಭದ್ದಾಗಿರಲಿಲ್ಲ. 1999ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಅವರು ಮರುವರ್ಷವೇ ಡಾ. ರಾಜ್‌ಕುಮಾರ್ ಅಪಹರಣವನ್ನು ಎದುರಿಸಿದರು. ಅಮೆರಿಕದ ಡಾಟ್‌ಕಾಮ್ ಕುಸಿತ ಬೆಂಗಳೂರನ್ನು ತಟ್ಟಿತು. 2001ರಿಂದ ಸತತ ಮೂರು ವರ್ಷ ರಾಜ್ಯದಲ್ಲಿ ಬರ. ಮಳೆ ಬಾರದಿದ್ದುದಕ್ಕೆ ಯಾವ ಮುಖ್ಯಮಂತ್ರಿಯನ್ನೂ ದೂರುವಂತಿಲ್ಲ. ಅಂಥ ದಿನಗಳಲ್ಲಿಯೂ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದ ರಾಜ್ಯಗಳಲ್ಲೇ ಮೊದಲಿಗೆ ತಂದದ್ದು ಸಣ್ಣ ಸಾಧನೆಯಲ್ಲ. ಭೂಮಿ ಯೋಜನೆಯಿಂದ ಪಹಣಿ 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಸಿಗುವಂತಾಯಿತು. ಗ್ರಾಮ ಲೆಕ್ಕಿಗರ ಮನೆಬಾಗಿಲು ಕಾಯುವುದು ಎಂದರೇನೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡದು ಅಕ್ಷರ ದಾಸೋಹ. 2002ರಲ್ಲಿ ಶಾಲೆಯ ಬಿಸಿಯೂಟ ಆರಂಭವಾದದ್ದು ರಾಜಧಾನಿಯಲ್ಲಲ್ಲ, ರಾಯಚೂರು ಸೇರಿದಂತೆ ಉತ್ತರದ ಏಳು ಹಿಂದುಳಿದ ಜಿಲ್ಲೆಗಳಲ್ಲಿ. ಬರ ಬಿದ್ದರೆ ಈ ಸೀಮೆಯ ಒಣಭೂಮಿಯ ಜನ ಗುಳೆ ಹೋಗುತ್ತಾರೆ. ಮಕ್ಕಳನ್ನು ಬಿಟ್ಟು ಹೋದರೆ ಊಟಕ್ಕೇನು ಎಂದು ಅವರನ್ನೂ ಕರೆದೊಯ್ಯುತ್ತಾರೆ. ಶಾಲೆಯಲ್ಲಿ ಒಂದು ಹೊತ್ತಿನ ಅನ್ನ ಖಚಿತವೆಂದಾದಾಗ ಅಜ್ಜಿಯ ಬಳಿ ಮಗುವನ್ನು ಬಿಡುವ ಧೈರ್ಯ ಬರುತ್ತದೆ. ಬೊಕ್ಕಸ ಸೊರಗಿದ ಕಾಲದಲ್ಲಿ, ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿಂದಲೇ ಖರ್ಚು ಆರಂಭಿಸಿದ ನಿರ್ಧಾರವಿದು. ಕೃಷ್ಣ ಎಂದರೆ ಬೆಂಗಳೂರು ಎನ್ನುವ ಅವರ ಅಭಿಮಾನಿಗಳು ಇದನ್ನು ಏಕೆ ಮರೆಯುತ್ತಾರೋ ತಿಳಿಯದು.

ಆದರೆ ನೀರಿನ ವಿಷಯ ಹೀಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅದರ ಅಚ್ಚುಕಟ್ಟಿನ ಬಹುಭಾಗವನ್ನು ಗುರುತಿಸಿದ್ದು ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳಿಗೆ. ಗಂಗಾವತಿಯಿಂದ ಸಿಂಧನೂರಿನವರೆಗೆ ಭತ್ತ ಆ ಲೆಕ್ಕವನ್ನು ಅಳಿಸಿಹಾಕಿತು. ಕಾಲುವೆ ತುಂಬಿ ಹರಿಯುವಾಗ ಈ ಅನ್ಯಾಯ ಕಣ್ಣಿಗೆ ಬೀಳುವುದಿಲ್ಲ. ಜಲಾಶಯ ಬರಿದಾದ ವರ್ಷ ಮಾತ್ರ ಮೇಲ್ಭಾಗದವರ ಗದ್ದೆ ಹಸಿರಾಗಿರುತ್ತದೆ, ಮಾನ್ವಿ, ರಾಯಚೂರು ಕಡೆಯ ಉಪಕಾಲುವೆಗಳಲ್ಲಿ ಧೂಳೇಳುತ್ತದೆ. ಜವಳಗೇರಾ ಈ ಎರಡು ಲೋಕಗಳ ನಡುವೆ ಇರುವ ಊರು. ಕೊರತೆಯನ್ನು ಸಮನಾಗಿ ಹಂಚಲು ಕಾನೂನಿತ್ತು, ನೀರಾವರಿ ಸಲಹಾ ಸಮಿತಿಯಿತ್ತು, ಎಂಜಿನಿಯರುಗಳಿದ್ದರು. ಇರದಿದ್ದುದು ಭತ್ತದ ಗದ್ದೆಯ ಮಾಲೀಕರನ್ನು ಎದುರುಹಾಕಿಕೊಳ್ಳುವ ಮನಸ್ಸು. ಇದು ಕೃಷ್ಣ ಒಬ್ಬರ ದೋಷವೇನಲ್ಲ, ಅವರ ಹಿಂದಿನವರೂ ಮುಂದಿನವರೂ ಇದರಲ್ಲಿ ಪಾಲುದಾರರೇ. ಆದರೂ 2002ರಲ್ಲಿ ಕಾವೇರಿಗಾಗಿ ಪಾದಯಾತ್ರೆ ಮಾಡಿದ ನಾಯಕರಿಂದ, ನೆರೆರಾಜ್ಯದ ಗೊಡವೆಯೇ ಇಲ್ಲದೆ ತಮ್ಮ ಆಡಳಿತದೊಳಗೇ ಬಗೆಹರಿಸಬಹುದಾಗಿದ್ದ ಈ ಜಗಳದಲ್ಲಿ ಇನ್ನಷ್ಟನ್ನು ನಿರೀಕ್ಷಿಸುವುದು ತಪ್ಪೆನಿಸದು.

ರೈತರ ಆತ್ಮಹತ್ಯೆಗಳ ಕುರಿತು ಡಾ. ಜಿ.ಕೆ. ವೀರೇಶ್ ಸಮಿತಿ 2002ರಲ್ಲಿ ವರದಿ ನೀಡಿತು. ಸಾಲವೊಂದೇ ಕಾರಣವಲ್ಲ, ಕುಡಿತ, ಕೌಟುಂಬಿಕ ಕಲಹ ಮೊದಲಾದವೂ ಇವೆ ಎಂದಿತು. ಅದು ನಿಜವೇ ಇರಬಹುದು. ಆದರೆ ಬರದ ನಡುವೆ ಆಡಳಿತಕ್ಕೆ ಅಂಥ ವಿವರಣೆ ಬಹಳ ಅನುಕೂಲಕರವಾಗಿಯೂ ಇರುತ್ತದೆ.

2004ರ ಚುನಾವಣೆಯಲ್ಲಿ ಕಾಂಗ್ರೆಸ್ 132ರಿಂದ 65 ಸ್ಥಾನಕ್ಕೆ ಇಳಿಯಿತು. ಅದೇ ವರ್ಷ ಆಂಧ್ರದಲ್ಲಿ ಇನ್ನೊಬ್ಬ 'ಸಿಇಒ' ಚಂದ್ರಬಾಬು ನಾಯ್ಡು ಅವರೂ ಸೋತರು. ಹಳ್ಳಿ ನಗರದ ಮೇಲೆ ಸೇಡು ತೀರಿಸಿಕೊಂಡಿತು ಎಂಬ ವ್ಯಾಖ್ಯಾನ ಆಗ ಚಾಲ್ತಿಗೆ ಬಂತು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬರದ ವರ್ಷದ ಮತದಲ್ಲಿ ಆಕಾಶದ ಮೇಲಿನ ಸಿಟ್ಟೂ ಬೆರೆತಿರುತ್ತದೆ. ಬಿಸಿಯೂಟ ಕೊಟ್ಟವರಿಗೂ ಕೊಡದವರಿಗೂ ಅದು ಒಂದೇ ಶಿಕ್ಷೆ ವಿಧಿಸುತ್ತದೆ.

ಆದ್ದರಿಂದ ನಾನು ಫಲಿತಾಂಶ ಬಿಟ್ಟು ಕಡತ ನೋಡುತ್ತೇನೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯನ್ನು 2000ದಲ್ಲಿ ನೇಮಿಸಿದ್ದು ಕೃಷ್ಣ ಸರ್ಕಾರವೇ. 2002ರಲ್ಲಿ ಬಂದ ವರದಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು; ಅವುಗಳಲ್ಲಿ 26 ಉತ್ತರ ಕರ್ನಾಟಕದವು. ರೋಗ ಗುರುತಿಸಿದ ಶ್ರೇಯಸ್ಸು ಅವರಿಗೆ ಸಲ್ಲಲೇಬೇಕು. ಆದರೆ ವರದಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಹಣ ಹರಿಯತೊಡಗಿದ್ದು 2007–08ರಲ್ಲಿ, ಬೇರೆ ಸರ್ಕಾರದ ಬಜೆಟ್ಟಿನಲ್ಲಿ. ಬೊಕ್ಕಸದ ಶಿಸ್ತನ್ನು ಕಾಯ್ದೆಯಾಗಿಸಿದ ಮುಖ್ಯಮಂತ್ರಿ, ಕೈಯಲ್ಲಿದ್ದ ಎರಡು ವರ್ಷಗಳಲ್ಲಿ ಈ ತಾಲ್ಲೂಕುಗಳ ಬಾಕಿಯನ್ನೂ ಹಾಗೆಯೇ ಕಾಯ್ದೆಯಾಗಿಸಬಹುದಿತ್ತು.